ಕೇರಿಯ ಬಾಯಿಗೆ ಬಾಟ್ಲಿ ಇಟ್ಟವರು ಯಾರು?



ಪೇಪರಿನಲ್ಲಿ ‘ಮಾದಕ ವಸ್ತು’ ಅಂತ ದಪ್ಪಕ್ಷರದ ಸುದ್ದಿ ಬಂದರೆ ಅದರ ಪಕ್ಕದಲ್ಲಿ ಸಿನಿಮಾದವರದೋ ಸಾಹುಕಾರರ ಮಕ್ಕಳದೋ ಫೋಟೋ ಇರುತ್ತದೆ. ಕೊಕೇನು, ಎಂಡಿಎಂಎ, ರೇವ್ ಪಾರ್ಟಿ ಅಂತ ನಮ್ಮ ಅವ್ವಂದಿರ ನಾಲಿಗೆ ಹೊರಳದ ಹೆಸರುಗಳಿರುತ್ತವೆ. ಓದಿದವರು ‘ದೇಶ ಹಾಳಾಯ್ತು’ ಅಂತ ಕಾಫಿ ಕುಡಿದು ಪೇಪರು ಮಡಚಿಡುತ್ತಾರೆ. ನಮ್ಮ ಕೇರಿಯಲ್ಲಿ ನಲವತ್ತು ತುಂಬುವುದರೊಳಗೆ ಹೊಟ್ಟೆ ಊದಿ, ಕಣ್ಣು ಹಳದಿಯಾಗಿ, ರಕ್ತ ಕಾರಿ ಸಾಯುವ ಕೂಲಿಯವನ ಫೋಟೋ ಯಾವ ಪೇಪರಿನಲ್ಲೂ ಬರುವುದಿಲ್ಲ. ಯಾಕೆಂದರೆ ಅವನನ್ನು ಕೊಂದ ವಸ್ತುವನ್ನು ಯಾರೂ ಕದ್ದು ತಂದಿಲ್ಲ. ಅದರ ಮೇಲೆ ಸರ್ಕಾರದ ಚೀಟಿ ಇದೆ, ತೆರಿಗೆ ಇದೆ, ಲೈಸೆನ್ಸು ಇದೆ.

ಈ ಸಂಚಿಕೆಯಲ್ಲಿ ಅಮಲಿನ ಬಗ್ಗೆ ಬರೆಯಬೇಕು ಅಂದಾಗ ನಮ್ಮಲ್ಲೇ ಕೆಲವು ಗೆಳೆಯರು ಬೇಡ ಅಂದರು. ‘ಈಗಾಗಲೇ ಸವರ್ಣೀಯರು ನಮ್ಮನ್ನು ಕುಡುಕರು ಅಂತ ಹೀಯಾಳಿಸ್ತಾರೆ, ನಾವೇ ಬರೆದು ಅವರ ಕೈಗೆ ಕೋಲು ಕೊಡೋದು ಯಾಕೆ’ ಅನ್ನುವುದು ಅವರ ಮಾತು. ಈ ಮಾತಿನಲ್ಲಿ ನೋವಿದೆ. ಆದರೆ ಹೀಯಾಳಿಸುವವರಿಗೆ ಹೆದರಿ ನಾವು ಬಾಯಿ ಮುಚ್ಚಿಕೊಂಡರೆ ಸಾಯುವವರು ಅವರಲ್ಲ, ನಮ್ಮವರು. ಆದ್ದರಿಂದ ಬರೆಯುತ್ತಿದ್ದೇವೆ.

ಮೊದಲು ಆ ಹೀಯಾಳಿಕೆಗೆ ಲೆಕ್ಕದಿಂದಲೇ ಉತ್ತರ ಹೇಳೋಣ. 2019ರಲ್ಲಿ ಕೇಂದ್ರದ ಸಾಮಾಜಿಕ ನ್ಯಾಯ ಇಲಾಖೆಗಾಗಿ ದೆಹಲಿಯ ಏಮ್ಸ್ ಆಸ್ಪತ್ರೆಯ ಡಾಕ್ಟರುಗಳು ಇಡೀ ದೇಶದ ಸಮೀಕ್ಷೆ ಪ್ರಕಟಿಸಿದರು. 10ರಿಂದ 75 ವರ್ಷದವರಲ್ಲಿ ಮದ್ಯ ಕುಡಿಯುವವರು ನೂರಕ್ಕೆ 14.6, ಅಂದರೆ ಸುಮಾರು 16 ಕೋಟಿ ಜನ. ಅದರಲ್ಲಿ ಕುಡಿತದಿಂದ ಆರೋಗ್ಯ ಕೆಟ್ಟವರು, ಬಿಡಲಾರದೆ ಸಿಕ್ಕಿಕೊಂಡವರು ಐದೂವರೆ ಕೋಟಿಗೂ ಹೆಚ್ಚು. ಗಾಂಜಾ, ಭಂಗಿ ಬಳಸುವವರು ನೂರಕ್ಕೆ 2.8. ಅಫೀಮು, ಹೆರಾಯಿನ್, ನೋವಿನ ಮಾತ್ರೆ ಇಂಥವನ್ನು ಬಳಸುವವರು ನೂರಕ್ಕೆ 2.1. ಈ ಹದಿನಾರು ಕೋಟಿ ಜನರೂ ನಮ್ಮ ಕೇರಿಯವರೇನಾ? ಅಗ್ರಹಾರದಲ್ಲಿ, ಗೌಡರ ಬೀದಿಯಲ್ಲಿ, ಎಸಿ ಹಾಕಿದ ಕ್ಲಬ್ಬುಗಳಲ್ಲಿ ಕುಡಿಯುವುದಿಲ್ಲವಾ? ಕುಡಿಯುತ್ತಾರೆ. ಅವರು ಬಾಗಿಲು ಹಾಕಿಕೊಂಡು ಕುಡಿಯುತ್ತಾರೆ, ನಮ್ಮವನಿಗೆ ಹಾಕಿಕೊಳ್ಳಲು ಬಾಗಿಲಿಲ್ಲ. ಅವರಿಗೆ ಲಿವರ್ ಕೆಟ್ಟರೆ ದೊಡ್ಡಾಸ್ಪತ್ರೆ ಇದೆ, ನಮ್ಮವನಿಗೆ ಜಿಲ್ಲಾಸ್ಪತ್ರೆಯ ವರಾಂಡ. ಒಂದೇ ವಿಷ, ಎರಡು ಸಾವು.

ಅದೇ ಸಮೀಕ್ಷೆ ಇನ್ನೊಂದು ಮಾತು ಹೇಳಿತು. ಕುಡಿತದ ದಾಸರಾದ 38 ಜನರಲ್ಲಿ ಒಬ್ಬನಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಉಳಿದ ಮೂವತ್ತೇಳು ಜನ ಎಲ್ಲಿ ಹೋದರು? ಬಸ್‌ಸ್ಟ್ಯಾಂಡಿನಲ್ಲಿ, ಚರಂಡಿ ಪಕ್ಕದಲ್ಲಿ, ಹೆಂಡತಿಯ ಕಣ್ಣೀರಿನಲ್ಲಿ ಹುಡುಕಬೇಕು.

ಕೇರಿಗೆ ಹೆಂಡ ಬಂದದ್ದು ಹೇಗೆ ಅಂತ ನಮ್ಮ ಹುಡುಗರು ತಿಳಿಯಬೇಕು. ಸಾವಿನ ಮನೆಯಲ್ಲಿ ಹಲಗೆ ಬಡಿಯಲು ಕರೆದವರು ಅಜ್ಜನಿಗೆ ಕೂಲಿ ಕೊಡಲಿಲ್ಲ, ಹೆಂಡ ಕೊಟ್ಟರು. ಸತ್ತ ದನ ಎಳೆಯಲು, ಹೆಣದ ಗುಂಡಿ ತೋಡಲು, ಕಣದ ಬಿಟ್ಟಿ ಚಾಕರಿಗೆ ಕರೆದವರೂ ಹಾಗೇ ಮಾಡಿದರು. ದುಡ್ಡು ಕೊಟ್ಟರೆ ನಾಳೆ ಲೆಕ್ಕ ಕೇಳುತ್ತಾನೆ, ಹೆಂಡ ಕೊಟ್ಟರೆ ರಾತ್ರಿ ಮಲಗುತ್ತಾನೆ, ಬೆಳಗ್ಗೆ ಮತ್ತೆ ಕೈಕಟ್ಟಿ ನಿಲ್ಲುತ್ತಾನೆ ಅನ್ನುವುದು ಧಣಿಗೆ ಗೊತ್ತಿತ್ತು. ಇವತ್ತು ಧಣಿ ಹೋಗಿ ಅಭ್ಯರ್ಥಿ ಬಂದಿದ್ದಾನೆ. ಓಟಿನ ಹಿಂದಿನ ರಾತ್ರಿ ಕೇರಿಗೆ ಬರುವ ಕೇಸುಗಳನ್ನು ನೋಡಿ. ಐದು ವರ್ಷ ಬಾರದ ಕುಡಿಯುವ ನೀರಿನ ಪೈಪು ಆ ರಾತ್ರಿಯೂ ಬರುವುದಿಲ್ಲ, ಬ್ರಾಂಡಿ ಮಾತ್ರ ಮನೆ ಬಾಗಿಲಿಗೇ ಬರುತ್ತದೆ. ಬಾಬಾಸಾಹೇಬರು ನಮ್ಮ ಕೈಗೆ ಕೊಟ್ಟ ಒಂದು ಓಟಿಗೆ ಅವರು ಕಟ್ಟುವ ಬೆಲೆ ಒಂದು ಕ್ವಾಟ್ರು.

ಮ್ಯಾನ್‌ಹೋಲಿಗೆ ಇಳಿಯುವ ನಮ್ಮ ಅಣ್ಣಂದಿರನ್ನು ಕೇಳಿ. ‘ಕುಡೀದೆ ಇಳಿಯೋಕಾಗಲ್ಲ ಕಣಪ್ಪಾ, ವಾಸನೆ ತಡಿಯೋಕಾಗಲ್ಲ’ ಅಂತಾರೆ. ಮನುಷ್ಯನನ್ನು ಮಲದ ಗುಂಡಿಗೆ ಇಳಿಸುವುದು ಅಪರಾಧ ಅಂತ 1993ರಲ್ಲೊಂದು, 2013ರಲ್ಲೊಂದು ಕಾಯ್ದೆ ಬಂತು. ಗುಂಡಿಯಲ್ಲಿ ಸತ್ತವರ ಮನೆಗೆ 30 ಲಕ್ಷ ರೂಪಾಯಿ ಕೊಡಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದರೂ ಇಳಿಸುತ್ತಲೇ ಇದ್ದಾರೆ. ಮೊದಲು ಅವನನ್ನು ಗುಂಡಿಗೆ ಇಳಿಸುತ್ತಾರೆ, ಅಲ್ಲಿಗೆ ಇಳಿಯಲು ಕುಡಿಯಲೇಬೇಕಾದ ಗತಿ ತರುತ್ತಾರೆ, ಆಮೇಲೆ ‘ಇವರು ಕುಡುಕರು, ಉದ್ಧಾರ ಆಗಲ್ಲ’ ಅಂತ ಭಾಷಣ ಮಾಡುತ್ತಾರೆ. ಇದಕ್ಕಿಂತ ದೊಡ್ಡ ಮೋಸ ಬೇರೆ ಯಾವುದಿದೆ?

ಇನ್ನು ಸರ್ಕಾರದ ಕಥೆ. ಸಂವಿಧಾನದ 47ನೇ ವಿಧಿ ಓದಿ. ಆರೋಗ್ಯಕ್ಕೆ ಹಾನಿಯಾಗುವ ಮದ್ಯ ಮತ್ತು ಮಾದಕ ವಸ್ತುಗಳನ್ನು ನಿಷೇಧಿಸಲು ರಾಜ್ಯ ಪ್ರಯತ್ನಿಸಬೇಕು ಅಂತ ಅಲ್ಲಿ ಬರೆದಿದೆ. ನಮ್ಮ ರಾಜ್ಯದಲ್ಲಿ 1960ರ ದಶಕದ ಕೊನೆಗೆ ಪಾನನಿರೋಧ ತೆಗೆದರು. ಸಾರಾಯಿ ಹರಾಜು ನಡೆಯಿತು. ಗುತ್ತಿಗೆದಾರರು ಕೋಟ್ಯಧೀಶರಾದರು, ಮಂತ್ರಿಮಂಡಲ ಕಟ್ಟುವಷ್ಟು ಕೆಡವುವಷ್ಟು ಬಲಿತರು. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಸತ್ತವರೆಲ್ಲ ಬಡವರು. 2007ರ ಜುಲೈ 1ರಿಂದ ಸರ್ಕಾರ ಸಾರಾಯಿಯನ್ನು ನಿಷೇಧಿಸಿತು. ಕೇರಿಯ ಹೆಂಗಸರು ಉಸಿರು ಬಿಟ್ಟರು. ಆದರೆ ಸಾರಾಯಿ ಹೋದ ಜಾಗಕ್ಕೆ ಅಗ್ಗದ ವಿಸ್ಕಿ ಬಂತು. ಪ್ಯಾಕೆಟ್ ಹೋಗಿ ಟೆಟ್ರಾ ಪ್ಯಾಕ್ ಬಂತು. ‘ನೈಂಟಿ’ ಅನ್ನುವ ಮಾತು ಬಂತು. ಇತ್ತ 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ, ಗಡಿಯಾಚೆಯ ಕೃಷ್ಣಗಿರಿ ಕಡೆ ಕಳ್ಳಭಟ್ಟಿಗೆ ಮತ್ತೆ ನೂರೈವತ್ತರಷ್ಟು ಜನ ಬಲಿಯಾದರು.

ಈಗ ರಾಜ್ಯದ ಮದ್ಯದ ಸಗಟು ವ್ಯಾಪಾರವೆಲ್ಲ ಸರ್ಕಾರದ್ದೇ ಪಾನೀಯ ನಿಗಮದ ಮೂಲಕ ನಡೆಯುತ್ತದೆ. ಅದು 2003ರಲ್ಲಿ ಹುಟ್ಟಿದ್ದು. ಹಳ್ಳಿಗಳಲ್ಲಿ ಸರ್ಕಾರದ್ದೇ ಎಂಎಸ್‌ಐಎಲ್ ಮದ್ಯದಂಗಡಿ ಇದೆ. ಶಾಲೆಯ ಮಕ್ಕಳಿಗೆ ‘ಲೇಖಕ್’ ನೋಟ್‌ಬುಕ್ ಮಾರುವುದೂ ಇದೇ ಎಂಎಸ್‌ಐಎಲ್. ಮಗನ ಕೈಗೆ ನೋಟ್‌ಬುಕ್ಕು, ಅಪ್ಪನ ಕೈಗೆ ಬಾಟ್ಲಿ. ಅಪ್ಪನ ಬಾಟ್ಲಿ ಗೆದ್ದರೆ ಮಗನ ನೋಟ್‌ಬುಕ್ಕು ಖಾಲಿ ಉಳಿಯುತ್ತದೆ ಅನ್ನುವುದು ವಿಧಾನಸೌಧದವರಿಗೆ ತಿಳಿಯದ ವಿಷಯವಲ್ಲ.

2020ರ ಲಾಕ್‌ಡೌನಿನಲ್ಲಿ ನಲವತ್ತು ದಿನ ಮದ್ಯದಂಗಡಿ ಮುಚ್ಚಿತ್ತು. ಮೇ 4ಕ್ಕೆ ತೆರೆದರು. ಕೂಲಿಯವರು ಊರಿಗೆ ಹೋಗಲು ಬಸ್ಸಿಲ್ಲದೆ ಹೈವೇಯಲ್ಲಿ ನಡೆಯುತ್ತಿದ್ದ ದಿನಗಳವು. ಶಾಲೆಗೆ ಬೀಗ, ಗ್ರಂಥಾಲಯಕ್ಕೆ ಬೀಗ, ಬ್ರಾಂಡಿ ಅಂಗಡಿ ಮುಂದೆ ಪೊಲೀಸರೇ ನಿಂತು ಸಾಲು ಸರಿಮಾಡಿದರು. 2025-26ರ ಬಜೆಟ್ಟಿನಲ್ಲಿ ಅಬಕಾರಿ ಇಲಾಖೆಗೆ ಇಟ್ಟ ಗುರಿ 40,000 ಕೋಟಿ ರೂಪಾಯಿ. ಅದೇ ಬಜೆಟ್ಟಿನಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ಉಪಯೋಜನೆಗೆ ತೋರಿಸಿದ್ದು ಸುಮಾರು 42,000 ಕೋಟಿ. ಆ ನಲವತ್ತು ಸಾವಿರ ಕೋಟಿ ಎಲ್ಲವೂ ನಮ್ಮ ಜೇಬಿನದಲ್ಲ, ನಿಜ. ಆದರೂ ಎರಡು ಅಂಕಿಗಳನ್ನೂ ಅಕ್ಕಪಕ್ಕ ಇಟ್ಟು ನೋಡಿ. ಒಂದನ್ನು ಮುಟ್ಟಲು ಇಲಾಖೆ ಹಗಲು ರಾತ್ರಿ ದುಡಿಯುತ್ತದೆ, ಇಷ್ಟು ಮಾರಲೇಬೇಕು ಅಂತ ಅಧಿಕಾರಿಗಳಿಗೆ ತಾಕೀತು ಹೋಗುತ್ತದೆ. ಇನ್ನೊಂದನ್ನು ಖರ್ಚು ಮಾಡದೆ, ಬೇರೆ ಬಾಬತ್ತಿಗೆ ತಿರುಗಿಸಿದ್ದನ್ನು ನಾವು ವರ್ಷವರ್ಷವೂ ಬೀದಿಯಲ್ಲಿ ನಿಂತು ಕೇಳಬೇಕು.

ಇನ್ನು ಈ ವಸ್ತುಗಳು ದೇಹಕ್ಕೆ ಏನು ಮಾಡುತ್ತವೆ ಅನ್ನುವುದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಇದನ್ನು ಓದಲು ಬರುವವರು ಓದಲು ಬಾರದವರಿಗೆ ಓದಿ ಹೇಳಿ.

ಮದ್ಯ ಲಿವರನ್ನು ತಿನ್ನುತ್ತದೆ ಅಂತ ಎಲ್ಲರಿಗೂ ಗೊತ್ತು. ಬಾಯಿ, ಗಂಟಲು, ಅನ್ನನಾಳ, ಲಿವರು, ಹೆಂಗಸರ ಸ್ತನ, ಇಲ್ಲೆಲ್ಲ ಕ್ಯಾನ್ಸರ್ ತರುತ್ತದೆ ಅನ್ನುವುದು ಗೊತ್ತಿಲ್ಲ. ‘ಸ್ವಲ್ಪ ಕುಡಿದರೆ ಒಳ್ಳೇದು’ ಅನ್ನುವ ಮಾತನ್ನು ನಂಬಬೇಡಿ. ಇಷ್ಟು ಕುಡಿದರೆ ಅಪಾಯವಿಲ್ಲ ಅನ್ನುವ ಅಳತೆಯೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ.

ವರ್ಷಗಟ್ಟಲೆ ದಿನಾ ಕುಡಿದವನು ಒಂದೇ ಸಲಕ್ಕೆ ಬಿಟ್ಟರೆ ಏನಾಗುತ್ತದೆ ಅನ್ನುವುದು ಇನ್ನೂ ಮುಖ್ಯ. ಮೊದಲ ದಿನ ಕೈ ನಡುಗುತ್ತದೆ, ಬೆವರುತ್ತದೆ, ನಿದ್ದೆ ಬರುವುದಿಲ್ಲ. ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೇ ದಿನದೊಳಗೆ ಇಲ್ಲದ್ದು ಕಾಣಿಸುತ್ತದೆ, ಮೈಮೇಲೆ ಹುಳ ಹರಿದ ಹಾಗೆ ಆಗುತ್ತದೆ, ಮನೆಯವರ ಗುರುತು ಸಿಗುವುದಿಲ್ಲ. ಆಗ ನಮ್ಮವರು ‘ಗಾಳಿ ಮೆಟ್ಕೊಂಡಿದೆ’ ಅಂತ ಮಂತ್ರವಾದಿ ಹತ್ತಿರ ಎಳೆದುಕೊಂಡು ಹೋಗುತ್ತಾರೆ, ಬೇವಿನ ಸೊಪ್ಪಿನಲ್ಲಿ ಬಡಿಸುತ್ತಾರೆ. ಅದು ಗಾಳಿಯಲ್ಲ, ರೋಗ. ಪ್ರಾಣ ಹೋಗಬಹುದು. ಮಂತ್ರವಾದಿಗೆ ಕೊಡುವ ದುಡ್ಡಿನಲ್ಲಿ ಆಟೋ ಮಾಡಿ ಆಸ್ಪತ್ರೆಗೆ ಒಯ್ಯಿರಿ. ಮಾತ್ರೆ, ಇಂಜೆಕ್ಷನ್, ಬಿ1 ವಿಟಮಿನ್ ಕೊಟ್ಟು ಕೆಲವು ದಿನ ನೋಡಿಕೊಂಡರೆ ಮನುಷ್ಯ ಉಳಿಯುತ್ತಾನೆ. ಬಿಡಬೇಕು ಅನ್ನುವವರೂ ಡಾಕ್ಟರ ಸಲಹೆ ಕೇಳಿಯೇ ಬಿಡಬೇಕು.

ತಾಯಂದಿರಿಗೆ ಒಂದು ಮಾತು. ‘ಗಂಡನಿಗೆ ಗೊತ್ತಾಗದ ಹಾಗೆ ಸಾರಿನಲ್ಲಿ ಹಾಕಿ, ಕುಡಿತ ಬಿಡ್ತಾನೆ’ ಅಂತ ಪುಡಿ, ಮಾತ್ರೆ ಮಾರುವವರು ಸಂತೆಯಲ್ಲೂ ಇದ್ದಾರೆ, ಫೋನಿನಲ್ಲೂ ಇದ್ದಾರೆ. ಕೊಳ್ಳಬೇಡಿ. ಡೈಸಲ್ಫಿರಾಮ್ ಅನ್ನುವ ಮಾತ್ರೆಯನ್ನು ಗೊತ್ತಿಲ್ಲದೆ ತಿಂದವನು ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು, ಹೃದಯ ಕೆಟ್ಟು ಸಾಯಬಹುದು. ಅದನ್ನು ಡಾಕ್ಟರು ಕೊಡಬೇಕು, ಕುಡಿಯುವವನು ಒಪ್ಪಿ ತೆಗೆದುಕೊಳ್ಳಬೇಕು.

ಕಳ್ಳಭಟ್ಟಿಯಲ್ಲಿ ಕೊಲ್ಲುವುದು ಮಿಥೈಲ್ ಆಲ್ಕೋಹಾಲ್. ಕಾರ್ಖಾನೆಯಲ್ಲಿ ಬಳಸುವ ಅದು ಬಣ್ಣದಲ್ಲಿ, ವಾಸನೆಯಲ್ಲಿ ಮಾಮೂಲಿ ಸ್ಪಿರಿಟ್ಟಿನ ಹಾಗೇ ಇರುತ್ತದೆ. ಕುಡಿದ ತಕ್ಷಣ ಏನೂ ಗೊತ್ತಾಗುವುದಿಲ್ಲ. ಅರ್ಧ ದಿನ, ಒಂದು ದಿನ ಕಳೆದ ಮೇಲೆ ಹೊಟ್ಟೆ ನೋವು, ವಾಂತಿ, ಏದುಸಿರು. ಕಣ್ಣ ಮುಂದೆ ಮಂಜು ಕವಿದ ಹಾಗೆ ಆಗುತ್ತದೆ, ಆಮೇಲೆ ಕತ್ತಲೆ. ದೇಹದೊಳಗೆ ಅದು ಫಾರ್ಮಿಕ್ ಆಸಿಡ್ ಆಗಿ ಕಣ್ಣಿನ ನರ ಸುಡುತ್ತದೆ. ಕಣ್ಣು ಮಂಜಾಯಿತು ಅಂದ ಕೂಡಲೆ ಓಡಬೇಕು. ಡಯಾಲಿಸಿಸ್ ಇರುವ ಆಸ್ಪತ್ರೆಗೇ ಹೋಗಬೇಕು. 2024ರ ಜೂನ್‌ನಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ 60ಕ್ಕೂ ಹೆಚ್ಚು ಜನ ಸತ್ತರಲ್ಲ, ಅವರು ದಿನಗೂಲಿಯವರು. ‘ಹೊಟ್ಟೆ ನೋವು, ಹೋಗುತ್ತೆ ಬಿಡು’ ಅಂತ ಮನೆಯಲ್ಲೇ ಮಲಗಿದವರಿಗೆ ಸಾವು ಬೇಗ ಬರುತ್ತದೆ.

ಗುಟ್ಕಾವನ್ನು ನಮ್ಮ ರಾಜ್ಯ 2013ರಲ್ಲಿ ನಿಷೇಧಿಸಿತು. ಕಂಪನಿಗಳು ಬುದ್ಧಿವಂತರು. ಪಾನ್ ಮಸಾಲ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಮಾಡಿ ಒಂದೇ ದಾರದಲ್ಲಿ ನೇತುಹಾಕಿದರು. ಕೊಂಡವನು ಎರಡನ್ನೂ ಅಂಗೈಯಲ್ಲಿ ಬೆರೆಸಿಕೊಳ್ಳುತ್ತಾನೆ. ಹಸಿವು ಸಾಯಿಸಲು ಗಾರೆ ಕೆಲಸದವರು, ಗದ್ದೆ ಕೆಲಸದ ಅಕ್ಕಂದಿರು ಇದನ್ನೇ ದವಡೆಗಿಟ್ಟುಕೊಳ್ಳುತ್ತಾರೆ. ಬಾಯಿ ಮೂರು ಬೆರಳು ಅಗಲ ತೆರೆಯಲಾರದೆ ಹೋದರೆ, ಬಿಳಿ ಮಚ್ಚೆ ಬಿದ್ದರೆ, ಹುಣ್ಣು ಮೂರು ವಾರವಾದರೂ ಮಾಯದಿದ್ದರೆ ತಡಮಾಡಬೇಡಿ.

ಎಲ್ಲಕ್ಕಿಂತ ಕರುಳು ಹಿಂಡುವುದು ಚಿಂದಿ ಆಯುವ ಮಕ್ಕಳದು. ಪಂಕ್ಚರ್ ಹಾಕುವ ಸೊಲ್ಯೂಷನ್, ಬಿಳಿ ಬಣ್ಣದ ವೈಟ್ನರ್ ಬಟ್ಟೆಗೆ ಹಾಕಿ ಮೂಗಿಗೆ ಹಿಡಿಯುತ್ತವೆ. ಅದು ಹಸಿವು ಮರೆಸುತ್ತದೆ, ಚಳಿ ಮರೆಸುತ್ತದೆ, ಹೊಡೆತ ಮರೆಸುತ್ತದೆ. ಮಿದುಳು ನರ ಹಾಳಾಗುತ್ತದೆ, ಹೃದಯ ನಿಂತು ಹಠಾತ್ತನೆ ಸಾಯುವುದೂ ಉಂಟು. ಬೇರೆ ಎಲ್ಲ ಅಮಲುಗಳನ್ನು ದೊಡ್ಡವರು ಹೆಚ್ಚು ಬಳಸಿದರೆ ಇದೊಂದನ್ನು ಮಕ್ಕಳೇ ಹೆಚ್ಚು ಬಳಸುತ್ತಾರೆ ಅಂತ ಅದೇ 2019ರ ಸಮೀಕ್ಷೆ ಹೇಳಿತು. ನೆರವು ಬೇಕಾದ ಮಕ್ಕಳೇ ದೇಶದಲ್ಲಿ ನಾಲ್ಕೂವರೆ ಲಕ್ಷದಷ್ಟು. ಆ ಮಕ್ಕಳ ಜಾತಿ ಯಾವುದು ಅಂತ ನಾವು ಕೇಳಬೇಕಾಗಿಲ್ಲ, ಅವರ ಗೋಣಿಚೀಲವೇ ಹೇಳುತ್ತದೆ.

ಗಾಂಜಾ ಸೇದಿದರೆ ಏನೂ ಆಗಲ್ಲ ಅಂತ ಹಾಸ್ಟೆಲ್ ಹುಡುಗರು ವಾದಿಸುತ್ತಾರೆ. ಹದಿಹರೆಯದಲ್ಲಿ ಹಿಡಿದವರಿಗೆ ಓದು ನೆನಪಿನಲ್ಲಿ ನಿಲ್ಲುವುದಿಲ್ಲ, ಕೆಲವರಿಗೆ ಮನಸ್ಸೇ ಕೆಡುತ್ತದೆ, ಸಂಶಯ ಹಿಡಿಯುತ್ತದೆ. ಕೇರಿಯಿಂದ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವನಿಗೆ ಇದು ಸಣ್ಣ ನಷ್ಟವಲ್ಲ. ಇನ್ನು 1985ರ ಎನ್‌ಡಿಪಿಎಸ್ ಕಾಯ್ದೆ. ಅದು ಭಂಗಿಯ ಎಲೆಯನ್ನು ಹೊರಗಿಟ್ಟು ಹೂವನ್ನು ಮಾತ್ರ ಗಾಂಜಾ ಅಂತ ಕರೆಯಿತು. ಹಬ್ಬದ ಭಂಗಿ ಪ್ರಸಾದ, ಸ್ಲಮ್ಮಿನ ಹುಡುಗನ ಜೇಬಿನ ಚಿಟಿಕೆ ಅಪರಾಧ. ಆದರೆ ಇದೇ ಕಾಯ್ದೆಯ 64ಎ ಕಲಮಿನಲ್ಲಿ, ವ್ಯಸನಿಯಾದವನು ತಾನಾಗಿ ಚಿಕಿತ್ಸೆಗೆ ಹೋದರೆ ಬಳಸಿದ್ದಕ್ಕೆ, ಸಣ್ಣ ಪ್ರಮಾಣ ಇಟ್ಟುಕೊಂಡಿದ್ದಕ್ಕೆ ಕೇಸು ನಡೆಸುವಂತಿಲ್ಲ ಅಂತಲೂ ಇದೆ. ಇದನ್ನು ಠಾಣೆಯಲ್ಲಿ ಯಾರೂ ಹೇಳುವುದಿಲ್ಲ. ನಾವು ಹೇಳುತ್ತಿದ್ದೇವೆ, ನೆನಪಿಟ್ಟುಕೊಳ್ಳಿ.

ಹಾಗಾದರೆ ಪೂರ್ತಿ ನಿಷೇಧ ಮಾಡಿಬಿಟ್ಟರೆ ಮುಗಿಯಿತಾ? ಬಿಹಾರವನ್ನು ನೋಡೋಣ. 2016ರ ಏಪ್ರಿಲ್‌ನಲ್ಲಿ ಅಲ್ಲಿ ಪೂರ್ತಿ ಪಾನನಿಷೇಧ ಬಂತು. ಹೆಂಗಸರು ಕೇಳಿದ್ದಕ್ಕೇ ಬಂತು, ಎಷ್ಟೋ ಮನೆಗಳಲ್ಲಿ ಒಲೆ ಉರಿಯಿತು ಅನ್ನುವುದೂ ಸುಳ್ಳಲ್ಲ. ಆದರೆ 2017ರಲ್ಲಿ ಆ ಕಾಯ್ದೆಯಡಿ ಮೊದಲ ಶಿಕ್ಷೆ ಆದದ್ದು ಯಾರಿಗೆ? ಜಹಾನಾಬಾದಿನ ಮುಸಹರ್ ಜಾತಿಯ ಇಬ್ಬರು ಕೂಲಿ ಅಣ್ಣತಮ್ಮಂದಿರಿಗೆ. ಕುಡಿದದ್ದಕ್ಕೆ ಐದು ವರ್ಷ ಜೈಲು! ಲಾರಿಗಟ್ಟಲೆ ಸಾಗಿಸಿದವರು ಹೊರಗೆ, ಇಲಿ ಹಿಡಿದು ಬದುಕುವವರು ಒಳಗೆ. 2022ರ ಡಿಸೆಂಬರ್‌ನಲ್ಲಿ ಸಾರಣ್ ಜಿಲ್ಲೆಯಲ್ಲಿ ಕಳ್ಳಭಟ್ಟಿಗೆ ಹತ್ತಾರು ಜನ ಸತ್ತರು. ಲಾಠಿಯ ಕೈಗೆ ಕೊಟ್ಟ ನಿಷೇಧ ಲಾಠಿಯ ಹಾಗೇ ನಮ್ಮ ಬೆನ್ನ ಮೇಲೆ ಬೀಳುತ್ತದೆ.

ಆಂಧ್ರದ ದಾರಿ ಬೇರೆ. ನೆಲ್ಲೂರಿನ ದೂಬಗುಂಟದಲ್ಲಿ 1990ರ ದಶಕದ ಆರಂಭದಲ್ಲಿ ಅಕ್ಷರ ಕಲಿಯಲು ರಾತ್ರಿ ಶಾಲೆಗೆ ಬಂದ ಹೆಂಗಸರು, ಓದಿದ ಪಾಠ ತಮ್ಮದೇ ಮನೆಯ ಕಥೆ ಅನ್ನಿಸಿ ಎದ್ದು ಹೋಗಿ ಸಾರಾಯಿ ಅಂಗಡಿ ಮುಚ್ಚಿಸಿದರು. ರೋಸಮ್ಮನಂಥವರು ಮುಂದೆ ನಿಂತರು. ಹಳ್ಳಿಯಿಂದ ಹಳ್ಳಿಗೆ ಕಿಚ್ಚು ಹಬ್ಬಿ 1993ರಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಬೇಕಾಯಿತು. ನಮ್ಮಲ್ಲೂ 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ಹನ್ನೆರಡು ದಿನ ನಡೆದರು. ಕಾಲು ಬೊಬ್ಬೆ ಬಂದ ಆ ತಾಯಂದಿರನ್ನು ರಾಜಧಾನಿ ಸರಿಯಾಗಿ ಕಣ್ಣೆತ್ತಿ ನೋಡಲಿಲ್ಲ. 1980ರ ದಶಕದಲ್ಲಿ ನಮ್ಮ ಹಿರಿಯರು ದಲಿತ ಸಂಘರ್ಷ ಸಮಿತಿಯ ವೇದಿಕೆಯಲ್ಲಿ ಹೆಂಡ ಬೇಡ, ವಸತಿ ಶಾಲೆ ಕೊಡಿ ಅಂತ ಕೇಳಿದ್ದರು. ಬೇಡ ಅನ್ನುವುದರ ಜೊತೆಗೇ ಬೇಕು ಅನ್ನುವುದನ್ನೂ ಇಟ್ಟ ಬುದ್ಧಿ ಅದು. ಇವತ್ತಿಗೂ ಅದೇ ದಾರಿ.

ಆದ್ದರಿಂದ ನಾವು ಕೇಳುವುದು ಇಷ್ಟು. ಕಿರಾಣಿ ಅಂಗಡಿ, ಹೋಟೆಲುಗಳಲ್ಲಿ ಕದ್ದು ಮಾರುವ ಮದ್ಯ ನಿಲ್ಲಬೇಕು. ಮಾರುವವನ ಹಿಂದೆ ಸರಬರಾಜು ಮಾಡುವ ಅಂಗಡಿಯ ಲೈಸೆನ್ಸು ಹೋಗಬೇಕು. ಗ್ರಾಮಸಭೆಯಲ್ಲಿ ಹೆಂಗಸರು ಬೇಡ ಅಂದ ಊರಲ್ಲಿ ಮದ್ಯದಂಗಡಿ ಇರಬಾರದು. ಅಬಕಾರಿಗೆ ಗುರಿ ಇಡುವುದನ್ನೇ ಸರ್ಕಾರ ಬಿಡಬೇಕು, ವಿಷ ಮಾರಲು ಟಾರ್ಗೆಟ್ ಯಾಕೆ? ಪ್ರತಿ ತಾಲೂಕಾಸ್ಪತ್ರೆಯಲ್ಲೂ ವ್ಯಸನ ಬಿಡಿಸುವ ಹಾಸಿಗೆ, ಮಾತ್ರೆ, ಡಾಕ್ಟರು ಬೇಕು. ಬೆಂಗಳೂರಿನ ನಿಮ್ಹಾನ್ಸ್ ಒಂದೇ ಸಾಲದು, ಬೀದರಿನ ಕೂಲಿಯವನು ಅಲ್ಲಿಗೆ ಹೇಗೆ ಹೋಗಬೇಕು? ಕುಡಿದವನಿಗೆ ಜೈಲಲ್ಲ, ಚಿಕಿತ್ಸೆ. ಮ್ಯಾನ್‌ಹೋಲಿಗೆ ಯಂತ್ರ, ಹೋಬಳಿಗೆ ವಸತಿ ಶಾಲೆ, ಕೈಗೆ ಕೆಲಸ, ಕಾಲಿಗೆ ಭೂಮಿ.

ಸರ್ಕಾರಕ್ಕೆ ಹೇಳಿದ್ದಾಯಿತು. ನಮಗೆ ನಾವು ಹೇಳಿಕೊಳ್ಳಬೇಕಾದ್ದೂ ಇದೆ. ಏಪ್ರಿಲ್ 14ರ ಮೆರವಣಿಗೆಯಲ್ಲಿ ಬಾಬಾಸಾಹೇಬರ ಪಟದ ಹಿಂದೆ ಕುಡಿದು ಕುಣಿಯುವುದು ನಿಲ್ಲಲಿ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನಕ್ಕೆ ಅವರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಮದ್ಯ ಸೇವಿಸುವುದಿಲ್ಲ ಅನ್ನುವುದೂ ಒಂದು. ಬುದ್ಧನ ಪಂಚಶೀಲದ ಐದನೆಯದೂ ಅದೇ. ಅವರಿಬ್ಬರೂ ಇದನ್ನು ಮಡಿಗಾಗಿ ಹೇಳಲಿಲ್ಲ, ಎಚ್ಚರಕ್ಕಾಗಿ ಹೇಳಿದರು. ಎಚ್ಚರ ತಪ್ಪಿದವನು ಲೆಕ್ಕ ಕೇಳಲಾರ.

ಹಾಗಂತ ಕುಡಿಯುವ ನಮ್ಮ ಅಣ್ಣನನ್ನು ಸಂಘಟನೆಯಿಂದ ದೂಡಬೇಡಿ. ಅವನು ಸೋತವನು, ಶತ್ರುವಲ್ಲ. ಬಿಡಲು ಹೊರಟವನು ಮತ್ತೆ ಒಂದೆರಡು ಸಲ ಬೀಳುತ್ತಾನೆ, ಅದು ಈ ರೋಗದ ಗುಣ. ಮತ್ತೆ ಎಬ್ಬಿಸಿ. ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ. ದಿಕ್ಕು ತೋಚದಿದ್ದರೆ ವ್ಯಸನಮುಕ್ತಿಗೆ 14446, ಮನಸ್ಸಿನ ಸಂಕಟಕ್ಕೆ 14416, ಈ ಎರಡು ಸರ್ಕಾರಿ ನಂಬರಿಗೆ ಪುಕ್ಕಟೆ ಫೋನ್ ಮಾಡಬಹುದು. ಸಂಜೆ ಹೊತ್ತು ಅಂಗಡಿ ಕಡೆ ಕಾಲು ಎಳೆಯುವಾಗ ಹೋಗಲು ಬೇರೆ ಜಾಗ ಇರಬೇಕಲ್ಲ? ಅಂಬೇಡ್ಕರ್ ಭವನದ ಬೀಗ ತೆಗೆಯಿರಿ. ದೀಪ ಹಾಕಿ. ತಮಟೆ ಇಡಿ, ಪುಸ್ತಕ ಇಡಿ, ಕೇರಂ ಬೋರ್ಡ್ ಇಡಿ. ರಾತ್ರಿ ಶಾಲೆ ಶುರುಮಾಡಿ, ಅವ್ವಂದಿರನ್ನು ಮುಂದಿನ ಸಾಲಿನಲ್ಲಿ ಕೂರಿಸಿ.

ಮುಂದಿನ ತಿಂಗಳು ಶಾಖೆಗಳ ಸಭೆ ಸೇರುವಾಗ ಪ್ರತಿಯೊಂದು ಶಾಖೆಯೂ ತನ್ನ ಊರಿನ ಲೆಕ್ಕ ಬರೆದು ತರಲಿ. ಲೈಸೆನ್ಸಿನ ಅಂಗಡಿ ಎಷ್ಟು, ಕದ್ದು ಮಾರುವ ಜಾಗ ಎಷ್ಟು, ಕಳೆದ ಐದು ವರ್ಷದಲ್ಲಿ ಕುಡಿತದಿಂದ ಸತ್ತವರೆಷ್ಟು, ವಿಧವೆಯರಾದವರೆಷ್ಟು, ಶಾಲೆ ಬಿಟ್ಟ ಮಕ್ಕಳೆಷ್ಟು. ಎಲ್ಲ ಶಾಖೆಗಳ ಲೆಕ್ಕ ಕೂಡಿಸಿ ನಾವು ಜಿಲ್ಲಾಧಿಕಾರಿಯ ಮೇಜಿನ ಮೇಲೆ ಇಡೋಣ. ಅಬಕಾರಿಯವರು ಬಾಟ್ಲಿಯ ಲೆಕ್ಕ ಇಟ್ಟಿದ್ದಾರೆ. ಹೆಣದ ಲೆಕ್ಕ ನಾವು ಇಡೋಣ.

ಜೈ ಭೀಮ್.

— ಸಂಪಾದಕ ಬಳಗ